ಗುರಿಗೆರೆಯೂ ಸಂಕಲ್ಪಹಿಂಸೆಯೂ

ಹಿಂಸೆಯು ಕೈಯಲ್ಲಿ ತೋರುವುದಕ್ಕೆ ಮುನ್ನ ಮನಸ್ಸಿನಲ್ಲಿ ಹುಟ್ಟಿರುತ್ತದೆ ಎಂಬುದು ನಮ್ಮ ಆಚಾರ್ಯರೆಲ್ಲರಿಗೂ ಸಮ್ಮತವಾದ ಸಿದ್ಧಾಂತ. ಉಮಾಸ್ವಾತಿ ಆಚಾರ್ಯರು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯನ್ನು ಹೆಸರಿಸುವುದಕ್ಕೂ ಮೊದಲು ಪ್ರಮಾದವನ್ನು ಹೆಸರಿಸಿದರು. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರಾಗದ್ವೇಷಗಳು ಆತ್ಮದಲ್ಲಿ ತಲೆಯೆತ್ತುವ ಕ್ಷಣವನ್ನೇ ಹಿಂಸೆಯ ಜನ್ಮಕ್ಷಣವಾಗಿ ಎಣಿಸಿದರು. ಹಿಂದಿನವರು ಈ ಲಕ್ಷಣವನ್ನು ಬೇಟೆ, ಯುದ್ಧ, ಯಜ್ಞ, ಬೇಸಾಯ ಮೊದಲಾಗಿ ತಮ್ಮ ಕಾಲದ ವ್ಯಾಪಾರಗಳಿಗೆ ಅನ್ವಯಿಸಿ ನೋಡಿದರು. ನಮ್ಮ ಕಾಲದ ವ್ಯಾಪಾರಗಳಿಗೆ ಅನ್ವಯಿಸಿ ನೋಡುವ ಹೊಣೆ ನಮ್ಮದು.

ಅಂಥ ಒಂದು ವ್ಯಾಪಾರ ಈಗ ಮನೆಮನೆಯಲ್ಲಿ ನಡೆಯುತ್ತಿದೆ. ಅಷ್ಟಮಿಯಂದು ಹಸಿರು ತರಕಾರಿಯನ್ನು ಮುಟ್ಟದ, ಸೋಸದ ನೀರನ್ನು ಕುಡಿಯದ, ಸೂರ್ಯಾಸ್ತದ ಮುನ್ನವೇ ಊಟ ಮುಗಿಸುವ ಮನೆಯ ತರುಣನು, ಅದೇ ದಿನ ಮೊಬೈಲ್ ಫೋನಿನಲ್ಲಿ ಬಂದೂಕಿನ ವಿಡಿಯೋ ಗೇಮ್ ಆಡುತ್ತಾನೆ. ಪರದೆಯ ನಡುವೆ ಅಡ್ಡಗೆರೆ ಉದ್ದಗೆರೆಗಳು ಕೂಡಿದ ಒಂದು ಸಣ್ಣ ಗುರುತಿರುತ್ತದೆ. ಅದನ್ನು ಓಡುತ್ತಿರುವ ಮನುಷ್ಯಾಕೃತಿಯ ತಲೆಯ ಮೇಲೆ ತಂದು ನಿಲ್ಲಿಸಿ ಒತ್ತಿದರೆ ಆ ಆಕೃತಿ ಬೀಳುತ್ತದೆ. ಯಾವ ಜೀವಿಯೂ ಸಾಯುವುದಿಲ್ಲ. ಒಂದು ಇರುವೆಗೂ ನೋವಾಗುವುದಿಲ್ಲ. ಹೀಗಿರುವಾಗ ಇದರಿಂದ ಅಹಿಂಸಾಣುವ್ರತಕ್ಕೆ ಭಂಗವುಂಟೋ ಇಲ್ಲವೋ? ಈ ಪ್ರಶ್ನೆಯನ್ನು ನಗೆಯಿಂದ ತಳ್ಳಿಹಾಕುವುದೂ ಸರಿಯಲ್ಲ, ಗದರಿಕೆಯಿಂದ ಮುಚ್ಚಿಹಾಕುವುದೂ ಸರಿಯಲ್ಲ. ಶಾಸ್ತ್ರದ ಬೆಳಕಿನಲ್ಲಿ ವಿಚಾರಿಸೋಣ.

ಮೊದಲು ಆ ಗುರುತಿನ ಸ್ವರೂಪವನ್ನು ತಿಳಿಯಬೇಕು. ಆಂಗ್ಲಭಾಷೆಯಲ್ಲಿ ಅದನ್ನು ರೆಟಿಕಲ್ ಅಥವಾ ಕ್ರಾಸ್‌ಹೇರ್ ಎನ್ನುತ್ತಾರೆ. ನಾವು ಗುರಿಗೆರೆ ಎನ್ನಬಹುದು. ರೆಟಿಕಲ್ ಎಂಬ ಶಬ್ದದ ಮೂಲಾರ್ಥ ಲ್ಯಾಟಿನ್ ಭಾಷೆಯಲ್ಲಿ ಸಣ್ಣ ಬಲೆ ಎಂದು. ಇದು ಹುಟ್ಟಿದ್ದು ಆಯುಧಕ್ಕಾಗಿ ಅಲ್ಲ, ಆಕಾಶಕ್ಕಾಗಿ. ಕ್ರಿ.ಶ. ೧೬೪೦ರ ಸುಮಾರಿನಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದಲ್ಲಿದ್ದ ವಿಲಿಯಂ ಗ್ಯಾಸ್ಕಾಯಿನ್ ಎಂಬ ಖಗೋಲಜ್ಞನ ದೂರದರ್ಶಕದೊಳಗೆ ಜೇಡವೊಂದು ನೂಲೆಳೆದಿತ್ತು. ಕೆಪ್ಲರನು ಸೂಚಿಸಿದ ಬಗೆಯ ದೂರದರ್ಶಕದಲ್ಲಿ ಎರಡು ಉಬ್ಬುಮಸೂರಗಳ ನಡುವೆ ದೂರದ ವಸ್ತುವಿನ ಬಿಂಬ ಮೂಡುವ ಒಂದು ಸ್ಥಾನವುಂಟು. ನೂಲು ಸರಿಯಾಗಿ ಆ ಸ್ಥಾನದಲ್ಲಿದ್ದುದರಿಂದ ನೂಲೂ ನಕ್ಷತ್ರವೂ ಒಟ್ಟಿಗೆ ಸ್ಪಷ್ಟವಾಗಿ ಕಂಡವು. ಇದರಿಂದ ಅವನು ಗುರಿಗೆರೆಯುಳ್ಳ ದೂರದರ್ಶಕವನ್ನೂ, ಗ್ರಹಬಿಂಬಗಳ ವ್ಯಾಸವನ್ನು ಅಳೆಯುವ ಸಾಧನವನ್ನೂ ರಚಿಸಿದನು. ಆ ದೇಶದ ಅಂತರ್ಯುದ್ಧದಲ್ಲಿ ರಾಜನ ಪಕ್ಷದಲ್ಲಿ ಹೋರಾಡಿ, ೧೬೪೪ರಲ್ಲಿ ಮಾರ್ಸ್ಟನ್ ಮೂರ್ ಕದನದಲ್ಲಿ ಮಡಿದನು.

ಅದೇ ಗೆರೆ ಭೂಮಾಪನದ ಥಿಯೋಡಲೈಟಿನಲ್ಲೂ ಸೇರಿತು. ೧೮೦೨ರಲ್ಲಿ ಮದರಾಸಿನಿಂದ ಆರಂಭವಾಗಿ ಮೈಸೂರು ಸೀಮೆಯನ್ನೂ ದಾಟಿ ಮುಂದುವರಿದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯಲ್ಲಿ ದೂರದ ಬೆಟ್ಟದ ತುದಿಯನ್ನು ಹಿಡಿದದ್ದು ಇಂಥ ಗೆರೆಯೇ. ಇಂದಿಗೂ ರಸ್ತೆ, ಕಾಲುವೆಗಳ ಮಟ್ಟ ನೋಡುವವರು ಈ ಗೆರೆಯೊಳಗಿಂದಲೇ ನೋಡುತ್ತಾರೆ. ಆದುದರಿಂದ ಗೆರೆಯಲ್ಲಿ ಸ್ವತಃ ಪಾಪವಿಲ್ಲ. ಜಡವಸ್ತುವಿಗೆ ಪುಣ್ಯಪಾಪಗಳ ಬಂಧವೆಲ್ಲಿಯದು? ಚಂಚಲವಾದ ನೋಟವನ್ನು ಒಂದು ಬಿಂದುವಿನಲ್ಲಿ ನಿಲ್ಲಿಸುವುದಷ್ಟೇ ಅದರ ಕೆಲಸ. ಆ ಬಿಂದುವಿನಲ್ಲಿ ಏನನ್ನು ಇಡುತ್ತೇವೆ, ಯಾವ ಭಾವದಿಂದ ಇಡುತ್ತೇವೆ ಎಂಬಲ್ಲಿಂದ ನಮ್ಮ ವಿಚಾರ ಆರಂಭವಾಗುತ್ತದೆ.

ಬಂದೂಕಿನ ಮೇಲೆ ಏರಿದ ಮೇಲೆ ಈ ಗೆರೆಯಲ್ಲಿ ಆದ ಬೆಳವಣಿಗೆಯನ್ನು ನೋಡಿರಿ. ೧೯೦೦ರಲ್ಲಿ ಡಬ್ಲಿನ್ ನಗರದ ಹೊವಾರ್ಡ್ ಗ್ರಬ್ ಎಂಬ ದೂರದರ್ಶಕ ನಿರ್ಮಾಪಕನು, ಗಾಜಿನಲ್ಲಿ ಪ್ರತಿಫಲಿಸಿದ ಗುರುತು ಗುರಿಯಷ್ಟೇ ದೂರದಲ್ಲಿರುವಂತೆ ಕಣ್ಣಿಗೆ ತೋರುವ ಸಾಧನವನ್ನು ರೂಪಿಸಿದನು. ಮುಂದೆ ಯುದ್ಧವಿಮಾನಗಳು ಅದನ್ನು ಬಳಸಿದವು. ೧೯೭೫ರಲ್ಲಿ ಸ್ವೀಡನ್ನಿನ ಏಮ್‌ಪಾಯಿಂಟ್ ಸಂಸ್ಥೆ ವಿದ್ಯುತ್ತಿನ ಕೆಂಪು ಚುಕ್ಕೆಯ ಗುರಿಸಾಧನವನ್ನು ತಂದಿತು. ದೂರದ ಗುರಿಯ ಬಂದೂಕುಗಳಲ್ಲಿ ಗೆರೆಯ ಮೇಲೆ ಸಮಾನಾಂತರದ ಚುಕ್ಕೆಗಳಿರುತ್ತವೆ. ಅವುಗಳ ಅಳತೆಗೆ ಮಿಲ್ ಎಂದು ಹೆಸರು. ೧೦೦೦ ಮೀಟರ್ ದೂರದಲ್ಲಿ ಒಂದು ಮಿಲ್ ಎಂದರೆ ಒಂದು ಮೀಟರ್. ೧.೭ ಮೀಟರ್ ಎತ್ತರದ ಮನುಷ್ಯನು ಎರಡು ಮಿಲ್‌ಗಳಷ್ಟು ಕಂಡರೆ ಅವನು ೮೫೦ ಮೀಟರ್ ದೂರದಲ್ಲಿದ್ದಾನೆಂದು ಲೆಕ್ಕ. ಸೋವಿಯತ್ ಸೈನ್ಯವು ೧೯೬೩ರಲ್ಲಿ ಸ್ವೀಕರಿಸಿದ ದ್ರಾಗುನೋವ್ ಬಂದೂಕಿನ ಗುರಿದರ್ಶಕದಲ್ಲಿ ಈ ಲೆಕ್ಕವನ್ನೂ ಮಾಡಬೇಕಾಗಿಲ್ಲ. ಕೆಳಗೊಂದು ನೇರಗೆರೆ, ಅದರ ಮೇಲೆ ಇಳಿಯುತ್ತ ಹೋಗುವ ಬಾಗುಗೆರೆ. ಎರಡರ ನಡುವೆ ಎದುರಿನ ಮನುಷ್ಯನ ಪಾದವೂ ತಲೆಯೂ ಎಲ್ಲಿ ಸರಿಹೊಂದುತ್ತವೆಯೋ ಅಲ್ಲಿ ಬರೆದ ಅಂಕಿಯೇ ದೂರವನ್ನು ಹೇಳುತ್ತದೆ. ೧.೭ ಮೀಟರ್ ಎಂಬ ಮಾನವದೇಹದ ಎತ್ತರವನ್ನು ಆ ಗಾಜಿನಲ್ಲಿ ಮೊದಲೇ ಕೊರೆದಿಟ್ಟಿದ್ದಾರೆ.

ಇಲ್ಲಿ ಕ್ಷಣಕಾಲ ನಿಲ್ಲಬೇಕು. ಉಪಯೋಗವೇ ಲಕ್ಷಣವಾಗಿ ಉಳ್ಳ, ಅರಿಯುವ ಮತ್ತು ಕಾಣುವ ಜೀವನು ಈ ಗೆರೆಯೊಳಗೆ ಪ್ರವೇಶಿಸಿದೊಡನೆ ಒಂದು ಅಳತೆಗೋಲಾಗುತ್ತಾನೆ. ಅವನ ಹೆಸರಿಲ್ಲ, ಅವನಿಗಾಗಿ ಕಾದಿರುವ ತಾಯಿಯಿಲ್ಲ, ಅವನ ಸುಖದುಃಖಗಳಿಲ್ಲ; ಉಳಿದದ್ದು ಎತ್ತರ ಮತ್ತು ದೂರ. ಪರಸ್ಪರ ಉಪಕಾರವೇ ಜೀವರ ಸಂಬಂಧವೆಂದು ನಂಬಿದ ನಮಗೆ ಇದಕ್ಕಿಂತ ವಿಪರೀತವಾದ ದೃಷ್ಟಿ ಇನ್ನೊಂದಿರಲಾರದು. ಕೊಲ್ಲುವುದಕ್ಕೂ ಮೊದಲೇ, ಜೀವವನ್ನು ಅಜೀವದಂತೆ ಕಾಣುವ ಒಂದು ಮಿಥ್ಯಾದರ್ಶನ ಅಲ್ಲಿ ನಡೆದುಹೋಗಿರುತ್ತದೆ.

ಆಟದ ಪರದೆಗೆ ಈ ಗೆರೆ ಬಂದುದು ಹೊಸದೇನಲ್ಲ. ಅಮೆರಿಕದ ಅಟಾರಿ ಸಂಸ್ಥೆ ೧೯೮೦ರಲ್ಲಿ ಹೊರತಂದ ಬ್ಯಾಟಲ್‌ಜೋನ್ ಎಂಬ ಟ್ಯಾಂಕಿನ ಆಟದಲ್ಲಿ ಶತ್ರು ಗುರಿಗೆ ಸಿಕ್ಕೊಡನೆ ಗೆರೆಯ ಆಕಾರವೇ ಬದಲಾಗುತ್ತಿತ್ತು. ೨೦೦೧ರ ಹೇಲೋ ಎಂಬ ಆಟದಲ್ಲಿ ಗುರುತು ಶತ್ರುವಿನ ಮೇಲೆ ಬಂದಾಗ ಕೆಂಪಾಗುತ್ತದೆ. ಕೌಂಟರ್ ಸ್ಟ್ರೈಕ್ ಎಂಬ ಆಟದಲ್ಲಿ ಆಟಗಾರ ಓಡುವಾಗ ನಾಲ್ಕು ಗೆರೆಗಳು ಅಗಲುತ್ತವೆ, ನಿಶ್ಚಲವಾಗಿ ನಿಂತಾಗ ಕೂಡಿಕೊಳ್ಳುತ್ತವೆ. ಗುಂಡು ತಾಗಿತೆಂದು ತಿಳಿಸುವ ಸಣ್ಣ ಗುರುತೂ, ಅದಕ್ಕೊಂದು ಸದ್ದೂ ಹಲವು ಆಟಗಳಲ್ಲಿವೆ. ಈ ಎಲ್ಲ ಕೌಶಲದ ಉದ್ದೇಶ ಒಂದೇ: ಗುರಿಯಿಡುವ ಕ್ಷಣವನ್ನೂ ತಾಗಿದ ಕ್ಷಣವನ್ನೂ ಮನಸ್ಸಿಗೆ ಆದಷ್ಟು ಪ್ರಿಯವಾಗಿಸುವುದು.

ಶಂಕೆ: ಪರದೆಯ ಮೇಲಿನದು ಬೆಳಕಿನ ಚಿತ್ರ, ಅಲ್ಲಿ ಜೀವವಿಲ್ಲ. ಜೀವವಿಲ್ಲದಲ್ಲಿ ಜೀವಹಿಂಸೆಯೆಲ್ಲಿ?

ಸಮಾಧಾನ: ಈ ಶಂಕೆಗೆ ಕನ್ನಡ ನಾಡು ಎಂಟು ಶತಮಾನಗಳ ಹಿಂದೆಯೇ ಉತ್ತರ ಹೇಳಿದೆ. ಜನ್ನಕವಿಯು ೧೨೦೯ರಲ್ಲಿ ರಚಿಸಿದ ಯಶೋಧರಚರಿತೆಯನ್ನು ಯಾರು ಅರಿಯರು? ಪ್ರಾಣಿಬಲಿಗೆ ಒಪ್ಪದ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ಕತ್ತಿ ಬಿದ್ದುದು ಹಿಟ್ಟಿನ ಮೇಲೆ. ಆದರೆ ಆ ಹಿಟ್ಟು ಕೂಗಿತು. ಆ ಒಂದು ಸಂಕಲ್ಪದ ಫಲವಾಗಿ ತಾಯಿಮಕ್ಕಳು ನವಿಲೂ ನಾಯಿಯೂ ಆಗಿ ಹುಟ್ಟಿದ್ದು ಮೊದಲಾಗಿ ಭವಭವಗಳಲ್ಲಿ ತೊಳಲಿದರು. ಹಿಟ್ಟಿನಲ್ಲಿ ಜೀವವಿರಲಿಲ್ಲವೆಂಬುದು ಯಶೋಧರನಿಗೂ ತಿಳಿದಿತ್ತು. ಆದರೆ ಇದು ಕೋಳಿ, ಇದನ್ನು ಕಡಿಯುತ್ತಿದ್ದೇನೆ ಎಂಬ ಸಂಕಲ್ಪ ಅವನಲ್ಲಿತ್ತು. ಕರ್ಮವು ಅಂಟಿದ್ದು ಆ ಸಂಕಲ್ಪಕ್ಕೆ.

ಇನ್ನೂ ಸೂಕ್ಷ್ಮವಾಗಿ ನೋಡುವುದಾದರೆ ನಿಕ್ಷೇಪಗಳ ವಿಚಾರಕ್ಕೆ ಬರಬೇಕು. ನಾಮ, ಸ್ಥಾಪನೆ, ದ್ರವ್ಯ, ಭಾವಗಳೆಂಬ ನಾಲ್ಕರಲ್ಲಿ ಸ್ಥಾಪನೆಯೆಂದರೆ ಒಂದು ವಸ್ತುವಿನಲ್ಲಿ, ಇದು ಅದೇ ಎಂದು ಬುದ್ಧಿಯನ್ನಿಡುವುದು. ಬಸದಿಯಲ್ಲಿ ನಾವು ಜಿನಬಿಂಬದ ಮುಂದೆ ಕೈಜೋಡಿಸುವಾಗ ಶಿಲೆಗೆ ಕೈಜೋಡಿಸುವುದಿಲ್ಲ. ಶಿಲೆಯಲ್ಲಿ ಅರಹಂತರ ಗುಣಗಳನ್ನು ಸ್ಥಾಪಿಸಿಕೊಂಡು ಪರಿಣಾಮಶುದ್ಧಿಯನ್ನು ಪಡೆಯುತ್ತೇವೆ. ಬಿಂಬದಲ್ಲಿ ಜೀವವಿಲ್ಲ, ಆದರೂ ಅದರ ದರ್ಶನದಿಂದ ನಮ್ಮ ಭಾವ ನಿರ್ಮಲವಾಗುತ್ತದೆಂಬುದು ನಮ್ಮ ನಂಬಿಕೆಯೂ ಅನುಭವವೂ ಆಗಿದೆ. ಹಾಗಾದರೆ ಚಿತ್ರದ ಮನುಷ್ಯನ ಹಣೆಗೆ ಗುರಿಯಿಟ್ಟು ಬೀಳಿಸಿ ಹರ್ಷಿಸುವುದರಿಂದ ಭಾವಕ್ಕೆ ಏನೂ ಆಗುವುದಿಲ್ಲವೆಂದು ಯಾವ ಬಾಯಿಂದ ಹೇಳೋಣ? ಬಿಂಬಕ್ಕೆ ಮನಸ್ಸನ್ನು ಏರಿಸುವ ಶಕ್ತಿಯುಂಟೆಂದು ಒಪ್ಪಿದವನು, ಇಳಿಸುವ ಶಕ್ತಿಯೂ ಉಂಟೆಂದು ಒಪ್ಪಲೇಬೇಕು. ಬೆಳಿಗ್ಗೆ ಬಸದಿಯಲ್ಲಿ ಒಂದು ನ್ಯಾಯ, ಸಂಜೆ ಪರದೆಯ ಮುಂದೆ ಇನ್ನೊಂದು ನ್ಯಾಯ ಎಂದಾಗದು.

ಶಂಕೆ: ಹಾಗೆಂದರೆ ಚದುರಂಗದಲ್ಲಿ ಆನೆ ಕುದುರೆಗಳನ್ನು ಹೊಡೆಯುವುದೂ, ಕ್ರೀಡಾಳುಗಳು ಬಂದೂಕಿನಿಂದ ಗುರಿ ಹೊಡೆಯುವುದೂ ಹಿಂಸೆಯಾಗಬೇಕಲ್ಲವೇ?

ಸಮಾಧಾನ: ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಸ್ಥಾಪನೆಯಲ್ಲಿ ತದಾಕಾರ, ಅತದಾಕಾರವೆಂದು ಎರಡು ಬಗೆ. ಚದುರಂಗದ ಕಾಯಿಯನ್ನು ಆನೆಯೆನ್ನುವುದು ಅತದಾಕಾರಕ್ಕೆ ಪಾಠಶಾಲೆಗಳಲ್ಲಿ ಹೇಳಿಕೊಡುವ ಉದಾಹರಣೆ. ಅಲ್ಲಿ ಆಟಗಾರನ ಮನಸ್ಸು ಮನೆಗಳ ಲೆಕ್ಕದಲ್ಲಿರುತ್ತದೆ. ಆನೆಯ ನೋವಾಗಲಿ ಸಾವಾಗಲಿ ಭಾವನೆಗೆ ಬರುವುದಿಲ್ಲ. ಒಲಿಂಪಿಕ್ ಕ್ರೀಡೆಯ ಚರಿತ್ರೆಯಲ್ಲಿಯೂ ಈ ಭೇದವನ್ನು ಕಾಣಬಹುದು. ೧೯೦೦ರಲ್ಲಿ ಪ್ಯಾರಿಸ್‌ನಲ್ಲಿ ಜೀವಂತ ಪಾರಿವಾಳಗಳನ್ನು ಹಾರಿಬಿಟ್ಟು ಹೊಡೆದರು. ಸುಮಾರು ಮುನ್ನೂರು ಪಕ್ಷಿಗಳು ಸತ್ತವು. ಮುಂದೆ ಅಂಥ ಸ್ಪರ್ಧೆಗಳಲ್ಲಿ ಪಕ್ಷಿಯ ಸ್ಥಾನಕ್ಕೆ ಬಿಲ್ಲೆ ಬಂದಿತು. ಹೆಸರು ಮಣ್ಣಿನ ಪಾರಿವಾಳವೆಂದೇ ಉಳಿದರೂ ಅದಕ್ಕೆ ರೆಕ್ಕೆಯಿಲ್ಲ, ಕಣ್ಣಿಲ್ಲ. ಹೊಡೆಯುವವನಿಗೆ ಅದು ಬಿಲ್ಲೆ. ೨೦೦೮ರಲ್ಲಿ ಬೀಜಿಂಗ್‌ನಲ್ಲಿ ನಮ್ಮ ದೇಶದ ಅಭಿನವ್ ಬಿಂದ್ರಾ ಚಿನ್ನದ ಪದಕ ಗೆದ್ದ ೧೦ ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ಗುರಿಯು ಅರ್ಧ ಮಿಲಿಮೀಟರ್ ಅಗಲದ ಚುಕ್ಕೆ. ಚುಕ್ಕೆಯನ್ನು ಯಾರೂ ದ್ವೇಷಿಸಲಾರರು. ಆದುದರಿಂದ ಗುರಿಯ ಆಕಾರ ಜೀವಿಗೆ ಎಷ್ಟು ಹತ್ತಿರ, ಗೆಲುವಿನ ಹರ್ಷ ಕೊಲೆಯ ಹರ್ಷಕ್ಕೆ ಎಷ್ಟು ಹತ್ತಿರ ಎಂಬೆರಡನ್ನು ಕೇಳಿಕೊಂಡರೆ ಕಷಾಯದ ಮಂದತೆ ತೀವ್ರತೆಗಳು ತಾವಾಗಿ ತಿಳಿಯುತ್ತವೆ.

ಹೆಸರನ್ನೂ ಬಣ್ಣವನ್ನೂ ಬದಲಾಯಿಸಿದರೆ ಸಾಲದೆಂಬುದನ್ನೂ ಇಲ್ಲಿಯೇ ಹೇಳಬೇಕು. ೨೦೨೦ರ ಸೆಪ್ಟೆಂಬರಿನಲ್ಲಿ ಭಾರತ ಸರ್ಕಾರವು ಪಬ್‌ಜಿ ಮೊಬೈಲ್ ಆಟವನ್ನು ಇತರ ಆ್ಯಪ್‌ಗಳೊಡನೆ ನಿಷೇಧಿಸಿತು. ಅದಕ್ಕೆ ಕೊಟ್ಟ ಕಾರಣ ದೇಶದ ಭದ್ರತೆಯೇ ಹೊರತು ಆಟದೊಳಗಿನ ಹಿಂಸೆಯಲ್ಲ. ೨೦೨೧ರಲ್ಲಿ ಆ ಆಟ ಬೇರೆ ಹೆಸರಿನಿಂದ ಮರಳಿತು. ಆಗ ರಕ್ತದ ಬಣ್ಣ ಹಸಿರಾಗಿತ್ತು, ಕೊಂದುದಕ್ಕೆ ಮುಗಿಸಿದ್ದು ಎಂಬ ಅರ್ಥದ ಮಾತು ಬಂದಿತ್ತು. ಎಳೆಯರ ಕಣ್ಣಿಗೆ ಕ್ರೌರ್ಯ ಕಡಿಮೆ ಕಾಣಲೆಂಬ ಎಚ್ಚರವನ್ನು ತೆಗಳಬೇಕಾಗಿಲ್ಲ. ಆದರೆ ಕೋಳಿಯನ್ನು ಹಿಟ್ಟಿನಿಂದ ಮಾಡಿದ ಮಾತ್ರಕ್ಕೆ ಯಶೋಧರನ ಸಂಕಲ್ಪ ಬದಲಾಗಲಿಲ್ಲವೆಂಬುದನ್ನು ನಾವು ಮರೆಯಬಾರದು.

ಶಂಕೆ: ಗೃಹಸ್ಥನು ವಿರೋಧೀ ಹಿಂಸೆಯನ್ನು ಸಂಪೂರ್ಣವಾಗಿ ಬಿಡಬೇಕೆಂಬ ಕಟ್ಟಳೆಯಿಲ್ಲ. ಆಟದಲ್ಲಿಯೂ ಶತ್ರುವೇ ಮೊದಲು ಗುಂಡು ಹಾರಿಸುತ್ತಾನಲ್ಲವೇ?

ಸಮಾಧಾನ: ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕರಲ್ಲಿ ಶ್ರಾವಕನು ಸಂಕಲ್ಪೀ ಹಿಂಸೆಯನ್ನು ಬಿಡಲೇಬೇಕು; ಉಳಿದ ಮೂರರಲ್ಲಿ ಯತ್ನಾಚಾರದಿಂದ ನಡೆಯಬೇಕು. ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯನು ಸೇನಾಪತಿಯೂ ಹೌದು, ಶ್ರಾವಕನೂ ಹೌದು. ಅವನ ಆಯುಧದ ಹಿಂದೆ ರಕ್ಷಿಸಬೇಕಾದ ರಾಜ್ಯವಿತ್ತು, ಪ್ರಜೆಗಳಿದ್ದರು. ಇಂದು ಗಡಿಯಲ್ಲಿ ಗುರಿಗೆರೆಯೊಳಗಿಂದ ನೋಡುತ್ತಿರುವ ಸೈನಿಕನ ಕಥೆಯೂ ಹಾಗೆಯೇ. ಆಟದಲ್ಲಿ ಯಾರ ರಕ್ಷಣೆಯೂ ನಡೆಯುವುದಿಲ್ಲ. ೧೯೮೦ರಲ್ಲಿ ಅಟಾರಿ ಸಂಸ್ಥೆಯೇ ತಂದ ಮಿಸೈಲ್ ಕಮಾಂಡ್ ಎಂಬ ಆಟದಲ್ಲಿ ಆಟಗಾರನು ಗುರಿಗೆರೆಯನ್ನು ಚಲಿಸಿ ಆರು ನಗರಗಳ ಮೇಲೆ ಬೀಳುವ ಕ್ಷಿಪಣಿಗಳನ್ನು ತಡೆಯುತ್ತಿದ್ದನು. ಯಾರನ್ನೂ ಆಕ್ರಮಿಸುವ ಅವಕಾಶವೇ ಇರಲಿಲ್ಲ. ಅಂಥ ಆಟದಲ್ಲಿ ಭಾವವು ಬೇರೆಯಾಗಿರಬಹುದೆಂದು ಒಪ್ಪೋಣ. ಆದರೆ ಎದುರಾದವರನ್ನೆಲ್ಲ ಬೀಳಿಸಿ ತಾನೊಬ್ಬನೇ ಉಳಿಯುವುದೇ ಜಯವೆಂಬ ಆಟದಲ್ಲಿ ವಿರೋಧೀ ಹಿಂಸೆಯ ನೆಪವನ್ನು ಹೂಡಲಾಗದು. ಆ ಯುದ್ಧಭೂಮಿಗೆ ನಾವೇ ಬೇಕೆಂದು ಇಳಿದಿರುತ್ತೇವೆ.

ಸ್ಮರಣೀಯವಾದ ಸಂಗತಿಯೊಂದುಂಟು. ಮೇಲೆ ಹೇಳಿದ ಬ್ಯಾಟಲ್‌ಜೋನ್ ಆಟವನ್ನು ಸೈನಿಕರ ತರಬೇತಿಗೆ ಒಗ್ಗಿಸಿಕೊಡಬೇಕೆಂಬ ಬೇಡಿಕೆ ಬಂದಾಗ ಅದರ ರಚನಕಾರ ಎಡ್ ರಾಟ್‌ಬರ್ಗ್ ವಿರೋಧಿಸಿದರು. ಕೊನೆಗೆ ೧೯೮೧ರಲ್ಲಿ ಆ ಕೆಲಸವನ್ನು ಮಾಡಿಕೊಟ್ಟರೂ, ಮುಂದೆ ಇಂಥ ಸೈನ್ಯದ ಕಾರ್ಯವನ್ನು ತಮಗೆ ವಹಿಸಬಾರದೆಂಬ ಕರಾರಿನ ಮೇಲೆ ಒಪ್ಪಿಕೊಂಡರು. ಆಟದ ಗೆರೆಗೂ ಬಂದೂಕಿನ ಗೆರೆಗೂ ಅಂತರ ಎಷ್ಟು ತೆಳುವೆಂದು ಅದನ್ನು ರಚಿಸಿದವರಿಗೇ ತಿಳಿದಿತ್ತು. ನಮ್ಮ ಪರಿಭಾಷೆಯಲ್ಲಿ ಅದೊಂದು ದೇಶವ್ರತವೇ ಸರಿ: ಪೂರ್ಣವಾಗಿ ಬಿಡಲಾಗದಿದ್ದಲ್ಲಿ ಒಂದು ಎಲ್ಲೆಯನ್ನು ಹಾಕಿಕೊಳ್ಳುವುದು.

ಶಂಕೆ: ಇಂಥ ಆಟಗಳಿಂದ ಮಕ್ಕಳು ಕೊಲೆಗಾರರಾಗುತ್ತಾರೆಂದು ವಿಜ್ಞಾನ ಹೇಳಿದೆಯೇ?

ಸಮಾಧಾನ: ಹೇಳಿಲ್ಲ, ಹೇಳಿದೆಯೆಂದು ನಾವು ಸುಳ್ಳಾಡಬಾರದು. ಅಮೆರಿಕದ ಮನೋವಿಜ್ಞಾನ ಸಂಘವು ೨೦೨೦ರಲ್ಲಿ ಪ್ರಕಟಿಸಿದ ನಿರ್ಣಯದಲ್ಲಿ, ಹಿಂಸಾತ್ಮಕ ಆಟಗಳಿಗೂ ಕೂಗಾಟ, ತಳ್ಳಾಟ ಮೊದಲಾದ ಆಕ್ರಮಣಶೀಲ ವರ್ತನೆಗೂ ಅಲ್ಪ ಸಂಬಂಧವುಂಟೆಂದೂ, ಘೋರ ಹಿಂಸಾಕೃತ್ಯಗಳಿಗೆ ಆಟಗಳೇ ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲವೆಂದೂ ತಿಳಿಸಿತು. ಆದುದರಿಂದ ಆಟವಾಡುವ ಹುಡುಗನನ್ನು ಕಂಡು, ನೀನು ನಾಳೆ ಕೊಲೆಗಾರನಾಗುವೆ ಎನ್ನುವುದು ಅಸತ್ಯವೂ ಹೌದು, ಕಟುವಚನವೂ ಹೌದು. ನಮ್ಮ ಶಾಸ್ತ್ರ ಕೇಳುವ ಪ್ರಶ್ನೆಯೇ ಬೇರೆ. ನಾಳೆ ಅವನು ಲೋಕಕ್ಕೆ ಏನು ಮಾಡುವನೆಂದು ಅದು ಕೇಳುವುದಿಲ್ಲ. ಈ ಕ್ಷಣ ಅವನ ಪರಿಣಾಮ ಎಂಥದೆಂದು ಕೇಳುತ್ತದೆ. ಸ್ವಯಂಭೂರಮಣ ಸಮುದ್ರದ ಮಹಾಮತ್ಸ್ಯದ ಕಿವಿಯಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ ತಂದುಲಮತ್ಸ್ಯವಿರುತ್ತದೆ. ದೊಡ್ಡ ಮೀನಿನ ಬಾಯೊಳಗೆ ಹೋಗಿ ಹೊರಬರುವ ಮೀನುಗಳನ್ನು ನೋಡುತ್ತ, ನನಗೀ ದೇಹವಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲವೆಂದು ಅದು ಚಿಂತಿಸುತ್ತಿರುತ್ತದೆ. ಅದು ಒಂದು ಜೀವಿಯನ್ನೂ ಕೊಂದುದಿಲ್ಲ. ಆದರೂ ಏಳನೆಯ ನರಕಕ್ಕೆ ಹೋಯಿತು. ಸೋಮದೇವಸೂರಿಗಳು ೯೫೯ರಲ್ಲಿ ರಚಿಸಿದ ಯಶಸ್ತಿಲಕದಲ್ಲಿ ಬೆಸ್ತನನ್ನೂ ಬೇಸಾಯಗಾರನನ್ನೂ ಹೋಲಿಸಿರುವುದು ಈ ತತ್ತ್ವದ ಮೇಲೆಯೇ. ನೇಗಿಲಿನಿಂದ ಜೀವಿಗಳು ಸತ್ತರೂ ಬೇಸಾಯಗಾರನ ಮನಸ್ಸು ಬೆಳೆಯಲ್ಲಿದೆ. ಮೀನು ಸಿಗದೆ ಹೋದರೂ ಬೆಸ್ತನ ಮನಸ್ಸು ಮೀನಿನಲ್ಲಿದೆ.

ಇನ್ನು ವ್ರತೋಪವಾಸಗಳಿಗೆ ನೇರವಾಗಿ ಸಂಬಂಧಿಸಿದ ಮಾತು. ಅನರ್ಥದಂಡದ ಐದು ಬಗೆಗಳಲ್ಲಿ ಅಪಧ್ಯಾನವೊಂದು. ಬೇಟೆ, ಜಯಾಪಜಯ, ಯುದ್ಧ ಮೊದಲಾದವನ್ನು ಪ್ರಯೋಜನವಿಲ್ಲದೆ ಚಿಂತಿಸುವುದು ಅದರೊಳಗೆ ಬರುತ್ತದೆ. ಹಿಂಸೆಯಲ್ಲಿ ಆನಂದಪಡುವ ಏಕಾಗ್ರತೆಗೆ ಹಿಂಸಾನಂದಿ ರೌದ್ರಧ್ಯಾನವೆಂದು ಹೆಸರು. ಏಕಾಗ್ರತೆ ಎಂಬ ಮಾತನ್ನು ಗಮನಿಸಿರಿ. ಗುರಿಯಿಡುವವನು ಮೈಯನ್ನು ನಿಶ್ಚಲಗೊಳಿಸುತ್ತಾನೆ, ಉಸಿರನ್ನು ತಡೆಯುತ್ತಾನೆ, ನೋಟವನ್ನು ಒಂದು ಬಿಂದುವಿನಲ್ಲಿ ನಿಲ್ಲಿಸುತ್ತಾನೆ. ಕಾಯೋತ್ಸರ್ಗದಲ್ಲಿ ನಿಂತವನೂ ಮೈಯನ್ನು ನಿಶ್ಚಲಗೊಳಿಸಿ, ಇಪ್ಪತ್ತೇಳು ಉಸಿರುಗಳಲ್ಲಿ ಒಂಬತ್ತು ಬಾರಿ ಣಮೋಕಾರ ಮಂತ್ರವನ್ನು ಜಪಿಸುತ್ತ ಮನಸ್ಸನ್ನು ಒಂದೆಡೆ ನಿಲ್ಲಿಸುತ್ತಾನೆ. ಧ್ಯಾನದ ಶಕ್ತಿ ಇಬ್ಬರಲ್ಲಿಯೂ ಒಂದೇ, ಮುಖ ಬೇರೆ. ಸಾಮಾಯಿಕದಲ್ಲಿ ಎರಡು ಗಳಿಗೆ ಕುಳಿತುಕೊಳ್ಳಲಾರದ ತರುಣನು ಆಟದಲ್ಲಿ ಐದು ಗಳಿಗೆ ಅಲುಗದೆ ಕುಳಿತಿರುತ್ತಾನೆಂದರೆ ಅವನಿಗೆ ಏಕಾಗ್ರತೆಯ ಶಕ್ತಿಯಿಲ್ಲವೆಂದಲ್ಲ. ಆ ಸಂಪತ್ತು ಬೇರೆಡೆ ವೆಚ್ಚವಾಗುತ್ತಿದೆ. ಹಿರಿಯರಿಗೆ ದುಃಖವಾಗಬೇಕಾದುದು ಇದಕ್ಕಾಗಿ.

ಉಪವಾಸದ ದಿನ ಹಸಿವನ್ನು ಮರೆಯಲು, ಹೊತ್ತು ಕಳೆಯಲು ಕೆಲವರು ಇಂಥ ಆಟಗಳಲ್ಲಿ ತೊಡಗುವುದುಂಟು. ಪ್ರೋಷಧೋಪವಾಸವು ಹದಿನಾರು ಪ್ರಹರಗಳ ವ್ರತ. ಆತ್ಮನ ಸಮೀಪದಲ್ಲಿ ವಾಸಿಸುವುದೇ ಉಪವಾಸ. ವಿಷಯಕಷಾಯಗಳನ್ನು ಇಟ್ಟುಕೊಂಡು ಆಹಾರವನ್ನಷ್ಟೇ ಬಿಟ್ಟರೆ ಅದು ಲಂಘನ. ಹೊಟ್ಟೆ ಬರಿದಾಗಿದ್ದು ಮನಸ್ಸು ಗುರಿಗೆರೆಯಲ್ಲಿ ನೆಟ್ಟಿದ್ದರೆ ಆ ಹದಿನಾರು ಪ್ರಹರಗಳಲ್ಲಿ ಆತ್ಮನ ಸಮೀಪಕ್ಕೆ ಬಂದ ಕಾಲವೆಷ್ಟು? ಹಸಿವು ಬಂದಾಗ ಅದನ್ನು ಸಮತೆಯಿಂದ ನೋಡುವುದೇ ಆ ದಿನದ ಪಾಠ. ಅದನ್ನು ಮರೆಯುವ ಉಪಾಯ ಹುಡುಕಿದರೆ ಪಾಠವೇ ತಪ್ಪಿಹೋಗುತ್ತದೆ.

ಇದರಿಂದ ಹೊರಡುವ ನಿರ್ಣಯವಿಷ್ಟು. ಮನುಷ್ಯರೂಪಕ್ಕೋ ಪ್ರಾಣಿರೂಪಕ್ಕೋ ಗುರಿಯಿಟ್ಟು ಬೀಳಿಸಿ ಹರ್ಷಿಸುವ ಆಟದಲ್ಲಿ ದ್ರವ್ಯಹಿಂಸೆಯಿಲ್ಲ, ಭಾವಹಿಂಸೆಯುಂಟು. ಅದರ ತೀವ್ರತೆ ಆಡುವವನ ಕಷಾಯದಂತೆ ಇರುತ್ತದೆ. ಅದು ನಿಜವಾದ ಪ್ರಾಣಿವಧೆಗೆ ಸಮನಲ್ಲ. ಆದರೆ ನಿರ್ದೋಷವೂ ಅಲ್ಲ. ಅಣುವ್ರತವನ್ನು ಕೈಕೊಂಡವರಿಗೆ ಅದು ವ್ರತವನ್ನು ಮಲಿನಗೊಳಿಸುವ ಅತಿಚಾರದ ಸ್ಥಾನದಲ್ಲಿದೆಯೆಂದು ನನ್ನ ಅಲ್ಪಮತಿಗೆ ತೋರುತ್ತದೆ. ವಿದ್ವಾಂಸರು ಇದನ್ನು ಇನ್ನೂ ಪರಿಶೀಲಿಸಲಿ.

ತ್ಯಾಗದಲ್ಲಿ ಜೀವನಪರ್ಯಂತದ್ದು ಯಮ, ಕಾಲಮಿತಿಯದು ನಿಯಮವೆಂದು ಸಮಂತಭದ್ರಸ್ವಾಮಿಗಳು ಭೇದವನ್ನು ತೋರಿಸಿಕೊಟ್ಟಿದ್ದಾರೆ. ತರುಣರು ಮೊದಲು ನಿಯಮದಿಂದ ಆರಂಭಿಸಲಿ. ದಶಲಕ್ಷಣ ಪರ್ವದ ಹತ್ತು ದಿನಗಳೂ, ಪ್ರತಿಯೊಂದು ಅಷ್ಟಮಿ ಚತುರ್ದಶಿಗಳೂ ಗುರಿಗೆರೆಯ ಆಟವನ್ನು ಮುಟ್ಟುವುದಿಲ್ಲವೆಂದು ತಾವಾಗಿಯೇ ಸಂಕಲ್ಪಿಸಲಿ. ಉಳಿದ ದಿನಗಳಲ್ಲಿ ಜೀವಿಯ ಆಕಾರಕ್ಕೆ ಗುರಿಯಿಡದ ಆಟವನ್ನು ಆರಿಸಿಕೊಳ್ಳಲಿ. ಹಿಂಸೋಪಕರಣಗಳನ್ನು ಕೊಡುವುದೂ ಅನರ್ಥದಂಡವೇ ಆದುದರಿಂದ, ಅಳುವ ಮಗುವನ್ನು ಸುಮ್ಮನಾಗಿಸಲು ಇಂಥ ಆಟವನ್ನು ತೆರೆದುಕೊಡುವ ಹಿರಿಯರೂ ತಮ್ಮ ಪಾಲನ್ನು ನೆನೆಯಲಿ. ಬಲಾತ್ಕಾರದಿಂದ ಕಿತ್ತುಕೊಂಡ ಫೋನು ಮಗುವಿನಲ್ಲಿ ಕ್ರೋಧವನ್ನಷ್ಟೇ ಉಳಿಸುತ್ತದೆ. ಒಲಿದು ಹಿಡಿದ ನಿಯಮ ಒಂದು ದಿನದ್ದಾದರೂ ಸಂಸ್ಕಾರವಾಗಿ ನಿಲ್ಲುತ್ತದೆ. ಆ ದಿನ ಆಟ ಬಿಟ್ಟು ಉಳಿದ ಎರಡು ಗಳಿಗೆಯನ್ನು ಮನೆಯವರೆಲ್ಲರೂ ಒಟ್ಟಿಗೆ ಕುಳಿತು ಸಾಮಾಯಿಕಕ್ಕೆ ಕೊಡುವಂತಾಗಲಿ. ನಿಲ್ಲಿಸಲು ಕಲಿತ ನೋಟ ತನ್ನ ಆತ್ಮನ ಕಡೆಗೆ ತಿರುಗಲಿ. ಸರ್ವಜೀವರಿಗೂ ಮಂಗಳವಾಗಲಿ.